ಕಾಗಿಣಾ ನದಿಯ ನೆರೆಯೂ ದುರಸ್ತಿಯ ಹಣವೂ

ಅನಂತಗಿರಿಯ ಬೆಟ್ಟಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಪೂರ್ವಕ್ಕೆ ಹರಿದ ಮೂಸಿಯು ಹೈದರಾಬಾದು ನಗರವನ್ನು ಸೇರುತ್ತದೆ. ಪಶ್ಚಿಮಕ್ಕೆ ತಿರುಗಿದ ಕಾಗಿಣೆಯು ತಾಂಡೂರನ್ನು ದಾಟಿ, ಸೇಡಂ, ಚಿತ್ತಾಪುರ ಸೀಮೆಗಳಲ್ಲಿ ಹರಿದು ಭೀಮೆಯಲ್ಲಿ ಲೀನವಾಗುತ್ತದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿಯು ಉಕ್ಕಿ ಸಾವಿರಾರು ಜನರು ಪ್ರಾಣ ಕಳೆದುಕೊಂಡಾಗ ನಿಜಾಮ ಸರ್ಕಾರವು ಎಂ. ವಿಶ್ವೇಶ್ವರಯ್ಯನವರ ಸಲಹೆ ಪಡೆಯಿತು. ತತ್ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ನಿರ್ಮಾಣಗೊಂಡವು. ಅದೇ ಸಂಸ್ಥಾನಕ್ಕೆ ಸೇರಿದ್ದ ಕಾಗಿಣೆಯ ದಂಡೆಗೆ ಆಗ ಅಂಥ ಭಾಗ್ಯ ಒದಗಲಿಲ್ಲ. ರಾಜಧಾನಿಯ ನೆರೆಗೊಂದು ತಕ್ಕಡಿ, ಹಳ್ಳಿಯ ನೆರೆಗೊಂದು ತಕ್ಕಡಿ! ಆದರೆ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಮಳಖೇಡವೂ ಈ ಕಾಗಿಣೆಯ ದಂಡೆಯ ಮೇಲೆಯೇ ಇದೆಯೆಂಬುದನ್ನು ಮರೆಯಲಾಗದು.

ಉಪನದಿಗಳಿಗೆ ಅಣೆಕಟ್ಟುಗಳು ಬಂದದ್ದು ಏಕೀಕರಣದ ತರುವಾಯ. ಚಿಂಚೋಳಿಯ ಚಂದ್ರಂಪಳ್ಳಿ, ಕೆಳದಂಡೆ ಮುಲ್ಲಾಮಾರಿ, ಹೇರೂರಿನ ಬೆಣ್ಣೆತೊರೆ ಇವೆಲ್ಲವೂ ನೀರಾವರಿಗಾಗಿ ಕಟ್ಟಿದವು. ನೀರಾವರಿಯ ಜಲಾಶಯವು ಮಳೆಗಾಲದ ಕೊನೆಗೆ ತುಂಬಿರಬೇಕು. ನೆರೆ ತಡೆಯುವ ಜಲಾಶಯವು ಬರಿದಾಗಿರಬೇಕು. ಈ ವಿರೋಧವು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಕಣ್ಣಿಗೆ ರಾಚುತ್ತದೆ. 2009ರಲ್ಲಿ ಉತ್ತರ ಕರ್ನಾಟಕವನ್ನೇ ಮುಳುಗಿಸಿದ ಮಳೆಯೂ 2020ರ ಅಕ್ಟೋಬರಿನ ಮಹಾಪೂರವೂ ಇದೇ ಕಾಲಕ್ಕೆ ಬಂದವು. 2020ರಲ್ಲಿ ಮಳಖೇಡದ ಸೇತುವೆಯೂ ಉತ್ತರಾದಿ ಮಠದ ಆವರಣವೂ ಜಲಾವೃತವಾದವು. ಭೀಮೆಯೂ ತುಂಬಿ ಹರಿಯುತ್ತಿದ್ದರೆ ಕಾಗಿಣೆಯ ನೀರಿಗೆ ಮುಂದೆ ಸಾಗಲು ತೆರಪೇ ದೊರೆಯುವುದಿಲ್ಲ. ಬಯಲಿನಲ್ಲಿ ನಿಂತ ನೀರಿನಿಂದ ಮೊದಲು ಕೆಡುವುದು ತೊಗರಿ. ಜೂನ್–ಜುಲೈಯಲ್ಲಿ ಬಿತ್ತಿದ ಬೆಳೆ ಹೂವಿಗೆ ಬರುವ ಹೊತ್ತಿಗೆ ಅದರ ಬೇರು ಕೊಳೆತುಹೋಗಿರುತ್ತದೆ.

ದೊಡ್ಡ ಅಣೆಕಟ್ಟಿನ ಮಾತು ಹಾಗಿರಲಿ. ಕೆರೆಯ ಏರಿಯ ಮೇಲೆ ಬೆಳೆದ ಜಾಲಿಯ ಬೇರು, ಹೂಳಿನಿಂದ ಮುಚ್ಚಿದ ಕೋಡಿ, ತುಕ್ಕು ಹಿಡಿದ ಗೇಟು, ಫರಸಿ ಗಣಿಗಳ ಕಲ್ಲುಚೂರು ಬಿದ್ದು ಕಿರಿದಾದ ಹಳ್ಳ, ಇವು ಸದ್ದಿಲ್ಲದೆ ಬೆಳೆಯುವ ಅಪಾಯಗಳು. ಎರೆಭೂಮಿಯ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಕರಗುತ್ತದೆ. ಇಲ್ಲಿಯ ಏರಿಗಳಿಗೆ ಪ್ರತಿವರ್ಷದ ಆರೈಕೆ ಅನಿವಾರ್ಯ.

ಆರೈಕೆಯ ಹಣ ಎಲ್ಲಿಂದ ಬರಬೇಕು? ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಜಿಲ್ಲಾ ಪಂಚಾಯತಿಯ ಪಾಲಿಗೆ, ಅದಕ್ಕೂ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಪಾಲಿಗೆ ಸೇರಿವೆ. ಬಹುಕಾಲ ಸರ್ಕಾರದ ಆಯವ್ಯಯದಲ್ಲಿ ಯೋಜನೆ, ಯೋಜನೇತರ ಎಂಬ ಎರಡು ವಿಭಾಗಗಳಿದ್ದವು. ಹೊಸ ನಿರ್ಮಾಣವು ಮೊದಲನೆಯದರಲ್ಲಿ ಮರ್ಯಾದೆ ಪಡೆದರೆ, ದುರಸ್ತಿಯು ಎರಡನೆಯದರ ಮೂಲೆಗೆ ಬಿತ್ತು. 2017ರಲ್ಲಿ ಆ ವಿಭಜನೆ ಅಳಿಯಿತು. ಮನೋಭಾವ ಮಾತ್ರ ಅಷ್ಟು ಬೇಗ ಅಳಿಯುವಂಥದಲ್ಲ. ಶಂಕುಸ್ಥಾಪನೆಗೆ ಕಲ್ಲು ನೆಡುವ ಉತ್ಸಾಹ ಹೂಳೆತ್ತುವುದಕ್ಕೆ ಎಲ್ಲಿಂದ ಬರಬೇಕು?

ನೆರೆ ಬಂದ ಮೇಲಿನ ವೆಚ್ಚಕ್ಕೆ ರಾಜ್ಯ ವಿಪತ್ತು ಪರಿಹಾರ ನಿಧಿಯಿದೆ. ಅದಕ್ಕೆ ಕೇಂದ್ರವು ರೂಪಾಯಿಗೆ ಎಪ್ಪತ್ತೈದು ಪೈಸೆ, ರಾಜ್ಯವು ಇಪ್ಪತ್ತೈದು ಪೈಸೆ ಕೊಡುವ ಕ್ರಮ. ಆದರೆ ಆ ನಿಧಿಯಿಂದ ಒಡೆದ ಏರಿಯನ್ನು ತುರ್ತಾಗಿ ಮುಚ್ಚಬಹುದೇ ಹೊರತು, ಒಡೆಯದಂತೆ ಮುಂಚೆಯೇ ಬಲಪಡಿಸಲು ಬರುವುದಿಲ್ಲ. ಈ ಕೊರತೆಯನ್ನು ಕಂಡೇ ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ವಿಪತ್ತಿನ ಒಟ್ಟು ನಿಧಿಯಲ್ಲಿ ಶೇಕಡಾ 20ನ್ನು ಅಪಾಯ ತಗ್ಗಿಸುವ ಕಾರ್ಯಕ್ಕೆಂದು ಪ್ರತ್ಯೇಕವಾಗಿರಿಸಲು ಶಿಫಾರಸು ಮಾಡಿತು.

ಇನ್ನೊಂದು ತೊಡಕು ಪಂಚಾಂಗದ್ದು. ಕೆರೆಯ ತಳ ಒಣಗಿ ಕೆಲಸಕ್ಕೆ ಒದಗುವುದು ಫೆಬ್ರವರಿಯಿಂದ ಮೇ ವರೆಗೆ. ಸರ್ಕಾರದ ವರ್ಷವಾದರೋ ಮಾರ್ಚ್ 31ಕ್ಕೆ ಮುಗಿದು, ಕೆಲಸದ ಕಾಲವನ್ನು ನಡುವೆಯೇ ಕತ್ತರಿಸುತ್ತದೆ. ತಡವಾಗಿ ಬಿಡುಗಡೆಯಾದ ಹಣವು ಅವಸರದಲ್ಲಿ ವೆಚ್ಚವಾಗುತ್ತದೆ, ಇಲ್ಲವೆ ವಾಪಸಾಗುತ್ತದೆ. ಹೊಸ ವರ್ಷದ ಅನುದಾನಕ್ಕೆ ಟೆಂಡರು ಮುಗಿಯುವಷ್ಟರಲ್ಲಿ ಮೃಗಶಿರಾ ಮಳೆ ಹಿಡಿದಿರುತ್ತದೆ. ಆದುದರಿಂದ ಏರಿ, ಕೋಡಿ, ತೂಬುಗಳ ಪರಿಶೀಲನೆಯನ್ನು ಮಳೆಗಾಲ ಕಳೆದೊಡನೆ ಮಾಡಿ, ಡಿಸೆಂಬರಿನೊಳಗೆ ಅಂದಾಜುಪಟ್ಟಿಯನ್ನು ಸಿದ್ಧಪಡಿಸಿದ ಊರಿನ ಕೆರೆಗೆ ಮಾತ್ರ ಆ ವರ್ಷದ ಹಣ ಆ ವರ್ಷವೇ ದಕ್ಕುವ ಸಂಭವವುಂಟು.