ಮೆಟ್ಟೂರಿನ ಹಿನ್ನೀರಿಗೆ ಕಾವಲು ಯಾರದು?

ಹೊಗೇನಕಲ್ಲಿನ ಬಂಡೆಗಳಿಂದ ಧುಮ್ಮಿಕ್ಕುವ ಕಾವೇರಿ ಸ್ವಲ್ಪ ದೂರದಲ್ಲೇ ಓಟ ಮರೆತು ಹರಡಿಕೊಳ್ಳುತ್ತಾಳೆ. ಅಲ್ಲಿಂದ ತಮಿಳುನಾಡಿನ ಮೆಟ್ಟೂರಿನ ಕಟ್ಟೆಯವರೆಗೆ ಇರುವುದು 1934ರಲ್ಲಿ ಕಟ್ಟಿ ಮುಗಿಸಿದ ಸ್ಟ್ಯಾನ್ಲಿ ಜಲಾಶಯದ ಹಿನ್ನೀರು. ಒಂದು ದಡ ಸೇಲಂ ಜಿಲ್ಲೆಯದು, ಮೇಲ್ಭಾಗದಲ್ಲಿ ಎದುರು ದಡ ಧರ್ಮಪುರಿಯದು. ಪೂರ್ಣ ಮಟ್ಟ 120 ಅಡಿ, ಸಂಗ್ರಹ 93.47 ಟಿಎಂಸಿ ಅಡಿ. ಸುದ್ದಿಯಲ್ಲಿ ಮೆಟ್ಟೂರೆಂದರೆ ಈ ಎರಡು ಅಂಕಿಗಳೇ. ಆದರೆ ನೀರು ಇಳಿದಾಗ ಪಣ್ಣವಾಡಿಯಲ್ಲಿ ಮುಳುಗಿದ್ದ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಇಗರ್ಜಿಯ ಗೋಪುರವೂ ಹೊರಬೀಳುತ್ತವೆ. ಬಯಲಾದ ಮೆಕ್ಕಲು ನೆಲದಲ್ಲಿ ರೈತರು ಬಿತ್ತುತ್ತಾರೆ, ದನಗಳು ಮೇಯುತ್ತವೆ, ಇನ್ನೂ ಉಳಿದ ನೀರಲ್ಲಿ ಮೀನುಗಾರರು ಬಲೆ ಬೀಸುತ್ತಾರೆ. ಕೆಲಕಾಲ ನೀರು, ಕೆಲಕಾಲ ನೆಲ: ಜೌಗುಭೂಮಿಯೆಂದರೆ ಇನ್ನೇನು?

ಕಾನೂನಿನ ಲೆಕ್ಕ ಬೇರೆ. 2017ರ ಜೌಗುಭೂಮಿ ಸಂರಕ್ಷಣಾ ನಿಯಮಗಳು ಒತ್ತುವರಿಯನ್ನೂ ಕಸ ಸುರಿಯುವುದನ್ನೂ ಸಂಸ್ಕರಿಸದ ತ್ಯಾಜ್ಯ ಬಿಡುವುದನ್ನೂ ನಿಷೇಧಿಸುತ್ತವೆ; ನೀರಾವರಿಗೆಂದೇ ಕಟ್ಟಿದ ರಚನೆಗಳನ್ನು ಮಾತ್ರ ವ್ಯಾಖ್ಯೆಯಿಂದಲೇ ಹೊರಗಿಡುತ್ತವೆ. ಹಾಗಾಗಿ ರಾಜ್ಯ ಜೌಗುಭೂಮಿ ಪ್ರಾಧಿಕಾರದ ಕೈ ಮೆಟ್ಟೂರಿನವರೆಗೆ ಸುಲಭವಾಗಿ ಚಾಚುವುದಿಲ್ಲ. ವಿಚಿತ್ರವೆಂದರೆ ಅದೇ ತಮಿಳುನಾಡಿನ ವೇಡಂತಾಂಗಲ್, ನಮ್ಮ ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ನೀರಾವರಿಯ ಕೆರೆಗಳೇ. ಹಕ್ಕಿಗಳ ದೆಸೆಯಿಂದ ಅವಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂಬ ರಾಮ್ಸರ್ ಪಟ್ಟ ಸಿಕ್ಕಿತು. ಕೆರೆಯನ್ನು ಯಾರು ಯಾವ ಉದ್ದೇಶಕ್ಕೆ ಕಟ್ಟಿದರೆಂಬುದು ಹಕ್ಕಿಗೆ ತಿಳಿಯದು. ಕಾನೂನಿಗೂ ಅದೇ ಕೊನೆಯ ಮಾತಾಗಬೇಕಿಲ್ಲ. 2022ರ ನವೆಂಬರಿನಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ 686 ಚದರ ಕಿ.ಮೀ. ಕಾಡು ಕಾವೇರಿ ದಕ್ಷಿಣ ವನ್ಯಜೀವಿಧಾಮವಾಯಿತು. ಅಲ್ಲಿನ ನದಿಯ ನೀರುನಾಯಿಗೂ ಮೊಸಳೆಗೂ ಇರುವ ರಕ್ಷಣೆ ಕೆಳಗಿನ ಹಿನ್ನೀರಿಗೆ ಇಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1957ರಲ್ಲೇ ಊರೂರಿಗೂ ಸಂರಕ್ಷಣಾ ಆಯೋಗ ರಚಿಸಿಕೊಳ್ಳುವ ಅಧಿಕಾರ ಕೊಟ್ಟಿತು. ಜೌಗಿನ ಅಂಚಿನಿಂದ 100 ಅಡಿಯೊಳಗೆ ನೆಲ ಅಗೆಯುವವರು ಅಲ್ಲಿ ಊರಿನವರದೇ ಆದ ಆ ಆಯೋಗದ ಮುಂದೆ ಅರ್ಜಿ ಹಿಡಿದು ಬರಬೇಕು. ಮೆಟ್ಟೂರಿಗೂ ಬೇಕಿರುವುದು ಇಂಥದೊಂದು ಕಟ್ಟೆ: ಎರಡು ಜಿಲ್ಲೆಗಳ ಪಂಚಾಯಿತಿಗಳು, ಮೀನುಗಾರರು, ಹಿನ್ನೀರಿನ ರೈತರು, ಜಲಸಂಪನ್ಮೂಲ ಮತ್ತು ಅರಣ್ಯ ಇಲಾಖೆಗಳು ಒಟ್ಟಿಗೆ ಕೂರುವ ಸಮಿತಿ. ನೀರಿನ ಮಟ್ಟ ಏರಿಳಿಯುವಾಗ ಗಡಿ ಎಳೆಯುವುದೆಲ್ಲಿ ಎಂಬ ಆಕ್ಷೇಪ ಬರುತ್ತದೆ. 120 ಅಡಿಯ ಗೆರೆ ಒಂಬತ್ತು ದಶಕಗಳಿಂದ ಇದ್ದೇ ಇದೆ. ತಂಜಾವೂರಿನ ಗದ್ದೆಗೆ ಬಿಡುವ ನೀರಿಗೆ ಅಡ್ಡಿಯಾದೀತು ಎಂಬುದು ಗಟ್ಟಿಯಾದ ಭಯ, ಆದರೆ ನೀರು ಹಂಚುವ ಕೆಲಸ 2018ರಿಂದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಕಣ್ಗಾವಲಿನಲ್ಲಿದೆ. ಈ ಸಮಿತಿ ತೂಬಿನ ತಂಟೆಗೆ ಹೋಗಬೇಕಿಲ್ಲ, ದಡ ಕಾದರೆ ಸಾಕು. ಬೇಸಾಯ ಮಾಡುವವರನ್ನು ಒಕ್ಕಲೆಬ್ಬಿಸುತ್ತಾರೆ ಎಂಬ ಅಂಜಿಕೆಯನ್ನು ಹಗುರಾಗಿ ಕಾಣುವಂತಿಲ್ಲ, ಏಕೆಂದರೆ ಸಂರಕ್ಷಣೆಯ ಹೆಸರಲ್ಲಿ ಬಡವರನ್ನೇ ಮೊದಲು ಎಬ್ಬಿಸಿದ ನಿದರ್ಶನಗಳು ಕಡಿಮೆಯಿಲ್ಲ. 2017ರ ನಿಯಮಗಳ ತಿರುಳೇ ವಿವೇಕದ ಬಳಕೆ, ಅಂದರೆ ಬಿತ್ತನೆಗೂ ಬಲೆಗೂ ಜಾಗವಿದೆ. ಅದೇ ವರ್ಷ ಬೇಸಿಗೆಯಲ್ಲಿ, ಅಣೆಕಟ್ಟು ಕಟ್ಟಿದ ಮೇಲೆ ಮೊದಲ ಬಾರಿಗೆ, ಜಲಾಶಯದ ಹೂಳು ತೆಗೆದು ರೈತರಿಗೆ ಕೊಟ್ಟರು. ಎಲ್ಲಿ ಎಷ್ಟು ಆಳ ಅಗೆಯಬೇಕು, ಮೀನು ಮರಿಮಾಡುವ ಅಂಚು ಯಾವುದು ಎಂದು ಗೆರೆ ತೋರಿಸಬಲ್ಲವರು ಆ ನೆಲದಲ್ಲೇ ಬಿತ್ತುವವರು, ಆ ನೀರಲ್ಲೇ ಬಲೆ ಹಾಕುವವರು. ಮುಂದಿನ ಸಲ ಹೂಳೆತ್ತುವ ಯಂತ್ರ ಇಳಿಸುವ ಮೊದಲು ಅವರನ್ನು ಕೇಳಲು ಹೊಸ ಕಾನೂನೇನೂ ಬೇಕಿಲ್ಲ, ಇಬ್ಬರು ಜಿಲ್ಲಾಧಿಕಾರಿಗಳ ಜಂಟಿ ಆದೇಶವೊಂದು ಸಾಕು.