ಸರತಿಯಲ್ಲಿ ನಿಂತ ಸಂದೇಶ

ಲಿಂಗಸುಗೂರಿನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಒಂದು ಹೊಲದ ಕ್ರಯಪತ್ರ ನೋಂದಣಿಯಾಯಿತೆಂದರೆ ಕೊಂಡವನ ಪಾಲಿಗೆ ಕೆಲಸ ಮುಗಿಯಿತು. ಸರ್ಕಾರದ ಪಾಲಿಗೆ ಅದು ಆಗತಾನೇ ಆರಂಭವಾಯಿತು. ಪಹಣಿಯಲ್ಲಿ ಮಾರಿದವನ ಹೆಸರು ಹೋಗಿ ಕೊಂಡವನ ಹೆಸರು ಬರಬೇಕಾದರೆ ನೋಂದಣಿಯ ವಾರ್ತೆ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರವನ್ನು ಮುಟ್ಟಬೇಕು, ಅಲ್ಲಿ ಮ್ಯುಟೇಶನ್ನಿನ ಪ್ರಕರಣವೊಂದು ಹುಟ್ಟಬೇಕು, ತಕರಾರಿಗೆ ಅವಕಾಶ ಕೊಟ್ಟು ನೋಟಿಸು ಹೊರಡಬೇಕು. ಈ ವಾರ್ತೆಯನ್ನು ಒಯ್ಯುವ ಪತ್ರವನ್ನೇ ಜೆ-ಸ್ಲಿಪ್ ಎನ್ನುತ್ತಾರೆ. ಹಿಂದೆ ಅದು ಕಾಗದದ ಚೀಟಿಯಾಗಿತ್ತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವೂ, 2000–2001ರ ವೇಳೆಗೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ತಾಲ್ಲೂಕುಗಳಲ್ಲಿ ನೆಲೆಗೊಂಡ ಕಂದಾಯ ಇಲಾಖೆಯ ಭೂಮಿ ತಂತ್ರಾಂಶವೂ ಜೋಡಣೆಗೊಂಡ ಮೇಲೆ ಅದು ವಿದ್ಯುನ್ಮಾನ ಸಂದೇಶವಾಯಿತು.

ಆ ಎರಡು ತಂತ್ರಾಂಶಗಳ ಆಂತರಿಕ ರಚನೆ ಈ ಲೇಖನದ ವಿಷಯವಲ್ಲ. ಒಂದು ಗಣಕದಲ್ಲಿ ನಡೆದ ಘಟನೆಯನ್ನು ಬೇರೊಂದು ಗಣಕಕ್ಕೆ ನಷ್ಟವಿಲ್ಲದೆ, ದ್ವಿರುಕ್ತಿಯಿಲ್ಲದೆ ತಿಳಿಸುವ ಸಾಮಾನ್ಯ ಸಮಸ್ಯೆಯನ್ನು ವಿವರಿಸುವುದಕ್ಕೆ ಜೆ-ಸ್ಲಿಪ್ಪಿಗಿಂತ ಒಳ್ಳೆಯ ಉದಾಹರಣೆ ರಾಯಚೂರು ಜಿಲ್ಲೆಯಲ್ಲಿ ದೊರೆಯದಾದ್ದರಿಂದ ಅದನ್ನು ಆರಿಸಿಕೊಂಡಿದ್ದೇನೆ. ನೋಂದಣಿಯ ಗಣಕವು ತಾಲ್ಲೂಕಿನ ಗಣಕವನ್ನು ನೇರವಾಗಿ ಕರೆದು, ಉತ್ತರ ಬರುವ ತನಕ ಕಾಯುತ್ತ ಕೂರುವುದು ಒಂದು ವಿಧಾನ. ಸಿಂಧನೂರಿನಲ್ಲಿ ವಿದ್ಯುತ್ತು ಹೋದರೆ, ಅಥವಾ ತಾಲ್ಲೂಕಿನ ಗಣಕ ಅನ್ಯಕಾರ್ಯದಲ್ಲಿ ಮಗ್ನವಾಗಿದ್ದರೆ, ಈ ವಿಧಾನದಲ್ಲಿ ನೋಂದಣಿಯ ಮೇಜಿನ ಮುಂದೆ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ನಿಂತವರೂ ಕಾಯಬೇಕಾಗುತ್ತದೆ. ಕಳುಹಿಸುವವನಿಗೂ ಪಡೆಯುವವನಿಗೂ ನಡುವೆ ಮೂರನೆಯ ತಂತ್ರಾಂಶವೊಂದನ್ನು ನಿಲ್ಲಿಸಿ, ಸಂದೇಶವನ್ನು ಅದರ ವಶಕ್ಕೆ ಒಪ್ಪಿಸಿ, ಕಳುಹಿಸಿದವನು ತನ್ನ ಮುಂದಿನ ಕೆಲಸಕ್ಕೆ ತೊಡಗುವುದು ಎರಡನೆಯ ವಿಧಾನ. ಈ ಮಧ್ಯಸ್ಥನೇ ಮೆಸೇಜ್ ಕ್ಯೂ. ಸಂದೇಶಗಳನ್ನು ಬಂದ ಕ್ರಮದಲ್ಲಿ ಸರತಿಯಲ್ಲಿ ನಿಲ್ಲಿಸಿ, ಪಡೆಯತಕ್ಕವನು ಸಿದ್ಧನಾದಾಗ ಒಂದೊಂದಾಗಿ ಒಪ್ಪಿಸುವುದು ಅದರ ಧರ್ಮ.

ಈ ಬಗೆಯ ತಂತ್ರಾಂಶ ಬ್ಯಾಂಕುಗಳ ಲೋಕದಲ್ಲಿ ಬೆಳೆಯಿತು. ಐಬಿಎಂ ಸಂಸ್ಥೆಯ ಎಂಕ್ಯೂ ಸೀರೀಸ್ 1993ರಲ್ಲಿ ಬಂದಿತು; ಒಂದು ಸಂಸ್ಥೆಯ ಯಂತ್ರ ಇನ್ನೊಂದು ಸಂಸ್ಥೆಯ ಯಂತ್ರದೊಡನೆ ಮಾತಾಡಲು ಸಾಮಾನ್ಯ ಭಾಷೆಯೊಂದು ಬೇಕೆಂದು 2003ರಲ್ಲಿ ಜೆಪಿ ಮೋರ್ಗನ್ ಚೇಸ್ ಬ್ಯಾಂಕಿನ ಜಾನ್ ಓಹಾರಾ ಎಎಂಕ್ಯೂಪಿ ಎಂಬ ನಿಯಮಾವಳಿಯ ಕೆಲಸವನ್ನು ಆರಂಭಿಸಿದರು; ಅದನ್ನು ಅನುಸರಿಸಿದ ರ‍್ಯಾಬಿಟ್ ಎಂಕ್ಯೂ 2007ರಲ್ಲಿ ಲಂಡನ್ನಿನಿಂದ ಹೊರಬಂದಿತು. ಇದು ಎರ್ಲಾಂಗ್ ಭಾಷೆಯಲ್ಲಿ ರಚಿತವಾದುದು. ಆ ಭಾಷೆ 1980ರ ದಶಕದಲ್ಲಿ ಸ್ವೀಡನ್ನಿನ ಎರಿಕ್ಸನ್ ಪ್ರಯೋಗಾಲಯದಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳಿಗಾಗಿ ಹುಟ್ಟಿತೆಂಬುದೂ, ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿದ್ದುಕೊಂಡು 1909ರಲ್ಲಿ ಸರತಿಯ ಗಣಿತಕ್ಕೆ ಅಡಿಪಾಯ ಹಾಕಿದ ಎ. ಕೆ. ಎರ್ಲಾಂಗ್‌ನ ಹೆಸರನ್ನು ಅದು ಹೊತ್ತಿದೆಯೆಂಬುದೂ ಇಲ್ಲಿ ಔಚಿತ್ಯವುಳ್ಳ ಸಂಗತಿಗಳು.

ಸ್ಥಾಪನೆಯ ವಿಚಾರದಲ್ಲಿ ಹೆಚ್ಚು ಹೇಳುವಂಥದಿಲ್ಲ. ವೈಲ್ಡ್‌ಫ್ಲೈಯಂಥ ಕೆಲವು ಅಪ್ಲಿಕೇಶನ್ ಸರ್ವರ್‌ಗಳು ಆರ್ಟೆಮಿಸ್ ಎಂಬ ಸರತಿಯನ್ನು ಗರ್ಭದಲ್ಲಿಯೇ ಇಟ್ಟುಕೊಂಡು ಬರುತ್ತವೆ. ರ‍್ಯಾಬಿಟ್ಟನ್ನು ಪ್ರತ್ಯೇಕವಾಗಿ ಲಿನಕ್ಸ್ ಯಂತ್ರದ ಮೇಲೆ ಇಳಿಸಬೇಕು. ಮೊದಲು ಎರ್ಲಾಂಗ್, ತರುವಾಯ ಅದಕ್ಕೆ ಹೊಂದುವ ಆವೃತ್ತಿಯ ರ‍್ಯಾಬಿಟ್. ಈ ಹೊಂದಿಕೆ ತಪ್ಪಿದರೆ ಯಂತ್ರ ಏಳುವುದಿಲ್ಲ. ಎದ್ದ ಮೇಲೆ ಅದು 5672ನೆಯ ಪೋರ್ಟಿನಲ್ಲಿ ಸಂದೇಶಗಳಿಗೂ, ಮೇಲ್ವಿಚಾರಣೆಯ ಅಂಗವನ್ನು ಚಾಲೂ ಮಾಡಿದ್ದರೆ 15672ರಲ್ಲಿ ಮೇಲ್ವಿಚಾರಕನಿಗೂ ಕಿವಿಗೊಡುತ್ತದೆ. ಅದರೊಡನೆ ಬರುವ ಗೆಸ್ಟ್ ಎಂಬ ಬಳಕೆದಾರನ ಗುಪ್ತಪದವೂ ಗೆಸ್ಟ್ ಎಂದೇ ಇರುವುದರಿಂದ ಆತನಿಗೆ ಅದೇ ಯಂತ್ರದೊಳಗಿನಿಂದ ಹೊರತು ಬೇರೆಡೆಯಿಂದ ಪ್ರವೇಶವಿಲ್ಲ. ಅಪ್ಲಿಕೇಶನ್ ಸರ್ವರ್ ಬೇರೆ ಯಂತ್ರದಲ್ಲಿದ್ದು ಸಂಪರ್ಕ ನಿರಾಕೃತವಾದಾಗ ಈ ನಿರ್ಬಂಧವನ್ನೇ ಕಿತ್ತುಹಾಕುವ ಅವಸರದ ಜನರಿದ್ದಾರೆ. ಪ್ರತಿಯೊಂದು ಅಪ್ಲಿಕೇಶನ್ನಿಗೂ ಬೇರೆ ಬಳಕೆದಾರನನ್ನು ಸೃಷ್ಟಿಸಿ, ಅವನಿಗೆ ಬೇಕಾದಷ್ಟೇ ಅಧಿಕಾರ ಕೊಟ್ಟು, ಗೆಸ್ಟನ್ನು ಅಳಿಸಿಹಾಕುವುದೇ ಸರಿಯಾದ ದಾರಿ.

ವಿಳಾಸದ ಏರ್ಪಾಟು ಇದಕ್ಕಿಂತ ಸ್ವಾರಸ್ಯವುಳ್ಳದ್ದು. ರ‍್ಯಾಬಿಟ್ಟಿನಲ್ಲಿ ಕಳುಹಿಸುವವನು ಸರತಿಗೆ ಸಂದೇಶವನ್ನು ಹಾಕುವುದಿಲ್ಲ. ಎಕ್ಸ್‌ಚೇಂಜ್ ಎಂಬ ವಿಂಗಡಣೆಯ ಸ್ಥಾನಕ್ಕೆ, ಒಂದು ವಿಳಾಸಸೂಚಿಯೊಡನೆ, ಒಪ್ಪಿಸುತ್ತಾನೆ. ಯಾವ ಸೂಚಿಯುಳ್ಳದ್ದು ಯಾವ ಸರತಿಗೆ ಹೋಗತಕ್ಕದ್ದೆಂಬುದನ್ನು ಬೈಂಡಿಂಗ್ ಎಂಬ ನಿಯಮಗಳು ನಿರ್ಧರಿಸುತ್ತವೆ. ಈ ಸುತ್ತುದಾರಿ ಏತಕ್ಕೆಂದು ಕೇಳುವವರಿಗೆ ಮಸ್ಕಿಯ ಉದಾಹರಣೆ ಸಾಕು. 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದಾಗಿ, ಲಿಂಗಸುಗೂರು, ಸಿಂಧನೂರು, ಮಾನ್ವಿಗಳಿಗೆ ಸೇರಿದ್ದ ಹಳ್ಳಿಗಳು ಅದರ ಪಾಲಿಗೆ ಬಂದವು. ಕಳುಹಿಸುವ ತಂತ್ರಾಂಶದಲ್ಲಿಯೇ ತಾಲ್ಲೂಕಿನ ಹೆಸರನ್ನು ಬರೆದಿಟ್ಟಿದ್ದರೆ ಅಂಥ ದಿನ ಎಲ್ಲ ಕಚೇರಿಗಳ ತಂತ್ರಾಂಶವನ್ನೂ ತಿದ್ದಬೇಕಾಗುತ್ತದೆ. ಸಂದೇಶವು ಹೋಬಳಿಯ ಸೂಚಿಯನ್ನು ಮಾತ್ರ ಹೊತ್ತಿದ್ದರೆ, ಮಧ್ಯಸ್ಥ ಯಂತ್ರದಲ್ಲಿ ಮಸ್ಕಿಯ ಹೆಸರಿನ ಸರತಿಯೊಂದನ್ನು ತೆರೆದು ಹಳೆಯ ಬೈಂಡಿಂಗುಗಳನ್ನು ಅತ್ತ ತಿರುಗಿಸಿದರೆ ಮುಗಿಯಿತು. ಕಳುಹಿಸುವವರಿಗೆ ಗಡಿ ಬದಲಾದದ್ದೇ ಗೊತ್ತಾಗಬೇಕಾಗಿಲ್ಲ.

ಇನ್ನು ಮುಖ್ಯವಾದ ಪ್ರಶ್ನೆ: ಸಂದೇಶದ ಹೊಣೆ ಯಾವ ಕ್ಷಣದಲ್ಲಿ ಯಾರದು? ನನ್ನ ಮಟ್ಟಿಗೆ ಸರತಿಯ ತಂತ್ರಾಂಶವನ್ನು ಹೊಂದಿಸುವುದೆಂದರೆ ಈ ಪ್ರಶ್ನೆಗೆ ಉತ್ತರ ಬರೆಯುವುದೇ ಹೊರತು ಬೇರೇನೂ ಅಲ್ಲ. ಕಳುಹಿಸಿದವನು ಮಧ್ಯಸ್ಥನಿಂದ ಸ್ವೀಕೃತಿಯನ್ನು ಪಡೆಯುವ ತನಕ ಹೊಣೆ ಅವನದು; ಅದನ್ನು ಕೊಟ್ಟ ಬಳಿಕ ಮಧ್ಯಸ್ಥನದು; ಪಡೆದವನು ಪ್ರಕರಣವನ್ನು ದಾಖಲಿಸಿ ರಶೀದಿ ಕೊಟ್ಟಾಗ ಆತನದು. ಇವೆರಡು ರಶೀದಿಗಳನ್ನೂ ಕೇಳಿ ಪಡೆಯಬೇಕು. ಕೇಳದೆ ಬಿಟ್ಟರೆ ಅವು ತಾವಾಗಿ ಬರುವುದಿಲ್ಲ. ಪಡೆಯುವವನಿಗೆ ಸ್ವಯಂಚಾಲಿತ ಸ್ವೀಕೃತಿಯನ್ನು ಆರಿಸಿದರೆ, ಸಂದೇಶ ತಂತಿಯ ಮೇಲೆ ಹೊರಟ ಕೂಡಲೇ ಮಧ್ಯಸ್ಥನು ಅದನ್ನು ಮರೆತುಬಿಡುತ್ತಾನೆ. ಆಮೇಲೆ ತಾಲ್ಲೂಕಿನ ಗಣಕ ಕೆಟ್ಟರೆ ಆ ಜೆ-ಸ್ಲಿಪ್ ಎಲ್ಲಿಯೂ ಇಲ್ಲ. ಇನ್ನು ಮಧ್ಯಸ್ಥನೇ ಬಿದ್ದರೆ? ಹಳೆಯ ಮಾದರಿಯ ಸರತಿಗಳಲ್ಲಿ ಸರತಿಯನ್ನು ಬಾಳತಕ್ಕದ್ದೆಂದೂ, ಪ್ರತಿಯೊಂದು ಸಂದೇಶವನ್ನು ಡಿಸ್ಕಿನಲ್ಲಿ ಬರೆದಿಡತಕ್ಕದ್ದೆಂದೂ ಬೇರೆ ಬೇರೆಯಾಗಿ ವಿಧಿಸಬೇಕು. ಮೊದಲನೆಯದನ್ನು ಮಾತ್ರ ವಿಧಿಸಿದವನಿಗೆ ಪುನರಾರಂಭದ ಬಳಿಕ ಸರತಿ ಉಳಿದಿರುತ್ತದೆ, ಒಳಗೆ ಬರಿದಾಗಿ. 2019ರಲ್ಲಿ ಬಂದ ಕ್ವೋರಂ ಸರತಿಗಳು ಈ ಗೊಂದಲವನ್ನು ತೊಡೆದು, ಸಂದೇಶವನ್ನು ಮೂರು ಅಥವಾ ಐದು ಯಂತ್ರಗಳಲ್ಲಿ ಬರೆದು, ಬಹುಮತ ಒಪ್ಪಿದ ಮೇಲೆಯೇ ಸ್ವೀಕೃತಿ ಕೊಡುತ್ತವೆ. ಹಾಗೆಂದು ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಒಂದೊಂದು ಯಂತ್ರವನ್ನು ಇಟ್ಟು ಮೂವರ ಕೂಟವನ್ನು ಕಟ್ಟುವ ಆಸೆಗೆ ಬೀಳಬಾರದು. ಈ ಕೂಟದ ಸದಸ್ಯರು ಎಡೆಬಿಡದೆ ಪರಸ್ಪರ ಮಾತಾಡುತ್ತಿರಬೇಕಾದ್ದರಿಂದ ಒಂದೇ ಗಣಕಕೇಂದ್ರದಲ್ಲಿರುವುದು ಲೇಸು. ಊರಿಂದೂರಿಗೆ ಸಂದೇಶ ಸಾಗಿಸುವುದಕ್ಕೆ ಶವೆಲ್ ಎಂಬ ಬೇರೆಯ ಸಾಧನವೇ ಇದೆ.

ರಶೀದಿಯ ಪದ್ಧತಿಗೆ ಒಂದು ಬೆಲೆ ತೆರಬೇಕಾಗುತ್ತದೆ. ಪ್ರಕರಣ ದಾಖಲಾಗಿ, ರಶೀದಿ ಹೊರಡುವ ಮುನ್ನ ಸಂಪರ್ಕ ಕಡಿದರೆ, ಮಧ್ಯಸ್ಥನು ಅದೇ ಸಂದೇಶವನ್ನು ಮತ್ತೆ ಒಪ್ಪಿಸುತ್ತಾನೆ. ಒಂದೇ ಕ್ರಯಕ್ಕೆ ಎರಡು ಮ್ಯುಟೇಶನ್ ಹುಟ್ಟುವ ಸಂಭವವುಂಟು. ಇದನ್ನು ಯಾವ ಹೊಂದಿಕೆಯೂ ಸಂಪೂರ್ಣವಾಗಿ ನಿವಾರಿಸಲಾರದು. ಪಡೆಯುವವನೇ ಪ್ರತಿಯೊಂದು ಸಂದೇಶದ ನೋಂದಣಿ ಸಂಖ್ಯೆಯನ್ನು ನೋಡಿ, ಮೊದಲೇ ಬಂದುದಾದರೆ ರಶೀದಿಯನ್ನು ಮಾತ್ರ ಕೊಟ್ಟು ಸುಮ್ಮನಾಗಬೇಕು. ಸಂದೇಶದ ಮೇಲೆ ಗುರುತು ಸ್ಪಷ್ಟವಾಗಿರಬೇಕೆಂಬುದನ್ನು ಮಸ್ಕಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: 1915ರಲ್ಲಿ ಚಿನ್ನದ ಗಣಿಗಳ ಎಂಜಿನಿಯರ್ ಬೀಡನ್ ಅಲ್ಲಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದ್ದುದರಿಂದಲ್ಲವೇ ಉಳಿದ ಶಾಸನಗಳ ಕರ್ತೃವಿನ ವಿಷಯದಲ್ಲಿದ್ದ ಸಂದೇಹ ನೀಗಿದ್ದು!

ಪಡೆಯುವವರು ಅನೇಕರಿದ್ದಾಗ ಇನ್ನೊಂದು ತೊಡಕು. ಏನನ್ನೂ ವಿಧಿಸದಿದ್ದರೆ ಮಧ್ಯಸ್ಥನು ಮೊದಲು ಸಂಪರ್ಕಿಸಿದ ಕೆಲಸಗಾರನ ಕಡೆಗೆ, ಅವನು ಅರಗಿಸಿಕೊಳ್ಳಬಲ್ಲನೋ ಇಲ್ಲವೋ ನೋಡದೆ, ಸರತಿಯಲ್ಲಿದ್ದುದೆಲ್ಲವನ್ನೂ ಹರಿಸುತ್ತಾನೆ. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ತುಂಬಿ ತುಳುಕುತ್ತಿರುವಾಗ ಮಾನ್ವಿ, ಸಿರವಾರಗಳ ಕೊನೆಭಾಗದ ರೈತರು ತೂಬಿನ ಬಾಯಿ ನೋಡುತ್ತ ಕೂರುವಂತೆ, ಆಮೇಲೆ ಬಂದ ಕೆಲಸಗಾರರು ಬರಿಗೈಯಲ್ಲಿ ನಿಲ್ಲುತ್ತಾರೆ. ಇದಕ್ಕೆ ಪ್ರಿಫೆಚ್ ಎಂಬ ಮಿತಿಯಿದೆ: ರಶೀದಿ ಕೊಡದ ಇಷ್ಟು ಸಂದೇಶಗಳಿಗಿಂತ ಹೆಚ್ಚು ಒಬ್ಬನ ಕೈಯಲ್ಲಿ ಇರಕೂಡದು. ಒಂದೊಂದು ಪ್ರಕರಣಕ್ಕೂ ಬಹಳ ಹೊತ್ತು ಹಿಡಿಯುವಲ್ಲಿ ಒಂದೇ ಸಾಕು. ಕ್ಷಣಮಾತ್ರದ ಕೆಲಸವಾದರೆ ಹತ್ತಾರು ಇದ್ದರೂ ಬಾಧಕವಿಲ್ಲ.

ಮಧ್ಯಸ್ಥನಿಗೂ ಹೊಟ್ಟೆಯ ಮಿತಿಯುಂಟು. ಯಂತ್ರದ ಮೆಮೊರಿಯಲ್ಲಿ ನೂರಕ್ಕೆ ಇಷ್ಟು ಪಾಲನ್ನು—ಹಳೆಯ ಆವೃತ್ತಿಗಳಲ್ಲಿ 40, ಹೊಸವುಗಳಲ್ಲಿ 60—ಮೀರಿದೊಡನೆ ಅವನು ಕಳುಹಿಸುವವರನ್ನು ತಡೆದು ನಿಲ್ಲಿಸುತ್ತಾನೆ. ಡಿಸ್ಕಿನ ಬಿಡುವು ತಗ್ಗಿದಾಗಲೂ ಹಾಗೆಯೇ. ಆದರೆ ಅದಕ್ಕೆ ಮೊದಲೇ ಇಟ್ಟಿರುವ ಮಿತಿ ಕೇವಲ 50 ಮೆಗಾಬೈಟ್ ಆದ್ದರಿಂದ ಅದನ್ನು ಏರಿಸದೆ ಬಿಡುವುದು ಅವಿವೇಕ. ಯಂತ್ರದ ಹೆಸರನ್ನು ಬದಲಿಸುವುದು ಮತ್ತೊಂದು ಅಪಾಯ: ರ‍್ಯಾಬಿಟ್ಟಿನ ಭಂಡಾರ ಯಂತ್ರದ ಹೆಸರಿಗೆ ಅಂಟಿಕೊಂಡಿರುತ್ತದೆ, ಹೆಸರು ಬದಲಾದರೆ ಅದು ಹೊಸ ಭಂಡಾರವನ್ನು ತೆರೆದು ಕೂರುತ್ತದೆ, ಹಳೆಯ ಸಂದೇಶಗಳು ಅದೇ ಡಿಸ್ಕಿನಲ್ಲಿದ್ದೂ ಕಾಣದಾಗುತ್ತವೆ.

ಇಷ್ಟೆಲ್ಲ ಆದ ಮೇಲೂ ಕೆಲವು ಸಂದೇಶಗಳು ಮುಂದೆ ಸಾಗುವುದಿಲ್ಲ. ಕ್ರಯಪತ್ರದ ಸರ್ವೆ ನಂಬರಿಗೂ ಪಹಣಿಯ ಸರ್ವೆ ನಂಬರಿಗೂ ತಾಳೆಯಾಗದಿದ್ದರೆ ತಾಲ್ಲೂಕಿನ ತಂತ್ರಾಂಶ ಅದನ್ನು ತಿರಸ್ಕರಿಸುತ್ತದೆ. ಹಿಂದಿರುಗಿದ ಸಂದೇಶ ಮತ್ತೆ ಸರತಿಗೆ ಸೇರಿ, ಮತ್ತೆ ತಿರಸ್ಕೃತವಾಗಿ, ಹೀಗೆ ಸುತ್ತುತ್ತಲೇ ಇದ್ದು ಹಿಂದಿನವುಗಳ ದಾರಿಯನ್ನೂ ಕಟ್ಟುವ ಸಂಭವವಿದೆ. ಆದಕಾರಣ ಮರುಒಪ್ಪಿಸುವಿಕೆಗೆ ಒಂದು ಮಿತಿಯನ್ನು ವಿಧಿಸಿ, ಅದನ್ನು ಮೀರಿದವುಗಳನ್ನು ಡೆಡ್ ಲೆಟರ್ ಎಂಬ ಪ್ರತ್ಯೇಕ ಸರತಿಗೆ ಸರಿಸಬೇಕು. ಅಲ್ಲಿಗೆ ಹೋದದ್ದನ್ನು ಯಂತ್ರ ತಾನಾಗಿ ಸರಿಪಡಿಸದು. ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರೊಬ್ಬರು ದಿನಕ್ಕೊಮ್ಮೆ ಆ ಸರತಿಯನ್ನು ತೆರೆದು, ಪತ್ರವನ್ನೂ ಪಹಣಿಯನ್ನೂ ಎದುರುಬದುರು ಇಟ್ಟುಕೊಂಡು, ತಿದ್ದುಪಡಿ ಯಾವ ಕಡೆ ಆಗತಕ್ಕದ್ದೆಂದು ಗೊತ್ತುಮಾಡಿ, ಸಂದೇಶವನ್ನು ಮತ್ತೆ ಎಕ್ಸ್‌ಚೇಂಜಿಗೆ ಹಾಕಬೇಕು.