ಕೊಯ್ದವರೇ ಅಂಚು ನೋಡುವ ಚಿಕಿತ್ಸೆ

ಮೇಲ್ದುಟಿಯ ಬಳಿ, ಮೂಗಿನ ಬುಡದಲ್ಲಿ ಚರ್ಮದ ಬಣ್ಣದ್ದೇ ಒಂದು ಗಟ್ಟಿ ಗಂಟು. ಹುಣ್ಣಾಗುವುದು ಅಪರೂಪ, ಕೆಲವರಿಗೆ ಅಲ್ಲಿ ಜೋಮು ಹಿಡಿದಂತಾಗುತ್ತದೆ, ಅಷ್ಟೆ. ಮೈಕ್ರೊಸಿಸ್ಟಿಕ್ ಅಡ್ನೆಕ್ಸಲ್ ಕಾರ್ಸಿನೋಮಾ ಎಂಬ ಈ ವಿರಳ ಚರ್ಮದ ಕ್ಯಾನ್ಸರಿಗೆ ಪ್ರತ್ಯೇಕ ಹೆಸರು ಸಿಕ್ಕಿದ್ದೇ 1982ರಲ್ಲಿ. ಬೇರೆ ಅಂಗಗಳಿಗೆ ಹರಡುವುದು ತೀರಾ ಕಡಿಮೆ. ಆದರೆ ತೆಗೆದ ಜಾಗದಲ್ಲೇ ಮತ್ತೆ ಹುಟ್ಟುತ್ತದೆ, ಕೆಲವೊಮ್ಮೆ ಎಷ್ಟೋ ವರ್ಷ ಬಿಟ್ಟು. ಹೊಲದ ಗರಿಕೆಯ ಹಾಗೆ, ಮೇಲೆ ಕಾಣುವುದು ಒಂದು ಕುಡಿ. ಒಳಗೆ ನರಗಳ ಗುಂಟ ಬೇರು ಬಹುದೂರ ಹೋಗಿರುತ್ತದೆ.

ಬೆನ್ನ ಮೇಲಾದರೆ ಸುತ್ತ ಎರಡು ಬೆರಳು ಹೆಚ್ಚಿಗೇ ಕೊಯ್ದುಬಿಡಬಹುದು. ಮುಖದಲ್ಲಿ ಎರಡು ಬೆರಳೆಂದರೆ ಅರ್ಧ ತುಟಿ ಹೋಯಿತು. ಕಡಿಮೆ ಕೊಯ್ದರೆ ರೋಗ ಉಳಿಯಿತು. ಈ ಇಕ್ಕಟ್ಟಿಗೆ ದಾರಿ ತೋರಿಸಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡೆರಿಕ್ ಮೋಸ್. 1930ರ ದಶಕದಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಜಿಂಕ್ ಕ್ಲೋರೈಡ್ ತಗುಲಿದ ಅಂಗಾಂಶ ಸತ್ತರೂ ಅದರ ಸೂಕ್ಷ್ಮ ರಚನೆ ಕೆಡುವುದಿಲ್ಲವೆಂದು ಅವರು ಕಂಡುಕೊಂಡರು. ಅದರ ಲೇಪ ಹಚ್ಚಿ, ಕ್ಯಾನ್ಸರನ್ನು ಪದರ ಪದರವಾಗಿ ತೆಗೆದು ಪರೀಕ್ಷಿಸಿದರು. ರೋಗಿಗೆ ಉರಿ ವಿಪರೀತ, ಪದರಗಳೆಲ್ಲ ಮುಗಿಯಲು ದಿನಗಟ್ಟಲೆ ಕಾಯಬೇಕು. 1970ರ ದಶಕದ ಹೊತ್ತಿಗೆ ಲೇಪ ಹಿಂದೆ ಸರಿದು, ಹಸಿ ಅಂಗಾಂಶವನ್ನೇ ಹೆಪ್ಪುಗಟ್ಟಿಸಿ ನೋಡುವ ಕ್ರಮ ಬಂತು.

ಈಗ ನಡೆಯುವುದು ಹೀಗೆ. ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ; ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕತ್ತಿಯನ್ನು ಓರೆ ಹಿಡಿದು, ತಟ್ಟೆಯಾಕಾರದ ತೆಳುಪದರ ತೆಗೆಯುತ್ತಾರೆ. ಮುಖದ ಮೇಲೂ ತುಣುಕಿನ ಮೇಲೂ ಒಂದೇ ನೇರಕ್ಕೆ ಸಣ್ಣ ಕಚ್ಚು ಹಾಕಿ, ಅಂಚುಗಳಿಗೆ ಬಣ್ಣ ಬಳಿದು, ಕಾಗದದ ಮೇಲೆ ನಕ್ಷೆ ಬರೆಯುತ್ತಾರೆ. ಅಂಚು ಮತ್ತು ತಳ ಒಂದೇ ಸಮಕ್ಕೆ ಬರುವಂತೆ ತುಣುಕನ್ನು ಒತ್ತಿ ಮಲಗಿಸಿ, ಹೆಪ್ಪುಗಟ್ಟಿಸಿ, ಅಡಿಯಿಂದ ಸೀಳಿ ಸ್ಲೈಡ್ ಮಾಡುತ್ತಾರೆ. ಇಡೀ ಗುಟ್ಟು ಇರುವುದು ಇಲ್ಲೇ. ಸಾಮಾನ್ಯ ಪರೀಕ್ಷೆಯಲ್ಲಿ ಗಡ್ಡೆಯನ್ನು ಮೇಲಿಂದ ಕೆಳಕ್ಕೆ ಸೀಳಿದ ಕೆಲವೇ ಎಳೆಗಳನ್ನು ನೋಡುವುದರಿಂದ ಅಂಚಿನ ಬಹುಭಾಗ ಕಣ್ಣಿಗೇ ಬೀಳುವುದಿಲ್ಲ. ಇಲ್ಲಿ ಸುತ್ತಂಚು, ತಳ ಎಲ್ಲವೂ ಕಾಣುತ್ತದೆ. ನೋಡುವವರೂ ಕೊಯ್ದ ವೈದ್ಯರೇ. ನನಗೆ ಈ ವಿಧಾನದ ಮೇಲೆ ಗೌರವ ಹುಟ್ಟಿಸಿದ್ದು ಇದೇ: ಹೊಣೆ ಕೈಯಿಂದ ಕೈಗೆ ದಾಟುವುದಿಲ್ಲ. ಕ್ಯಾನ್ಸರ್ ಉಳಿದಿದ್ದರೆ ನಕ್ಷೆ ಹಿಡಿದು ಆ ಮೂಲೆಗಷ್ಟೇ ಮತ್ತೆ ಕತ್ತಿ. ಪಟ್ಟಿ ಕಟ್ಟಿಕೊಂಡ ರೋಗಿ ಹೊರಗೆ ಕಾಯುತ್ತಾರೆ. ಒಮ್ಮೊಮ್ಮೆ ಬೆಳಗಿನಿಂದ ಸಂಜೆಯವರೆಗೂ.

ಅಂಚು ಶುದ್ಧವಾದ ಮೇಲೆ ಗಾಯ ಮುಚ್ಚುವ ಕೆಲಸ. ಮೂಗಿನ ದೊಡ್ಡ ಗಾಯಕ್ಕೆ ಹಣೆಯ ಚರ್ಮವನ್ನು ಇಳಿಸುವ ವಿದ್ಯೆ ನಮ್ಮ ನೆಲದ್ದೇ. ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ ಮೂಗು ಕಳೆದುಕೊಂಡ ಕೋವಸ್ಜಿ ಎಂಬ ಬಂಡಿಯಾಳಿಗೆ ಹೀಗೆ ಮೂಗು ಕಟ್ಟಿದ ವೃತ್ತಾಂತ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಅನುಸರಿಸಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲೇ ಶಸ್ತ್ರಕ್ರಿಯೆ ಮಾಡಿದರು. ಇಂದಿಗೂ ಹಣೆಯಿಂದ ಇಳಿಸಿದ ಚರ್ಮಕ್ಕೆ ರಕ್ತ ಉಣಿಸುವ ತೊಟ್ಟನ್ನು ಕತ್ತರಿಸುವುದು ಸುಮಾರು ಮೂರು ವಾರದ ನಂತರ.

ಇಷ್ಟಾದರೂ ತಪಾಸಣೆ ಬಿಡುವಂತಿಲ್ಲ. ಹಳೆಯ ಕಲೆಯ ಬಳಿ ಚರ್ಮ ಗಡುಸಾದರೆ, ಜೋಮು ಮರಳಿದರೆ, ಎಷ್ಟೇ ವರ್ಷ ಕಳೆದಿರಲಿ, ಅದೇ ವಾರ ವೈದ್ಯರಿಗೆ ತೋರಿಸಬೇಕು.